ಎತ್ತಿನ ನಿಮಿಷ, ಪೋರ್ಶೆಯ ಸೆಕೆಂಡು

ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಎತ್ತಿನ ಸ್ಪರ್ಧೆ ಅಂದ್ರ ಎರಡು ಥರ. ಒಂದು, ಖಾಲಿ ಚಕ್ಕಡಿ ಓಡಿಸೋದು. ಗಡಿಯಾರ ಹಿಡಿದು ನಿಂತಿರುತ್ತಾರೆ. ಸಾಮಾನ್ಯವಾಗಿ ಒಂದು ನಿಮಿಷದಲ್ಲಿ ಯಾರ ಜೋಡಿ ಎಷ್ಟು ಅಡಿ ಓಡಿತು ಅನ್ನೋದೇ ಲೆಕ್ಕ. ಇನ್ನೊಂದು, ಭಾರ ಜಗ್ಗೋದು. ದೊಡ್ಡ ಕಲ್ಲನ್ನೋ ಗಾಲಿ ತಿರುಗದಂಗ ಕಟ್ಟಿದ ಬಂಡಿಯನ್ನೋ ಎಳೆಯಬೇಕು. ಬಾಗಲಕೋಟೆ ಕಡೆ ಈ ಬಂಡಿಯ ಆಟಕ್ಕೆ ತೆರಬಂಡಿ ಅಂತಾರ. ಓಡುವ ಜೋಡಿಯನ್ನು ಭಾರಕ್ಕೆ ಹೂಡುವ ಮೂರ್ಖ ನಮ್ಮೂರಾಗ ಯಾರೂ ಇಲ್ಲ. ಓಟಕ್ಕೆ ಸಪೂರ ಕಾಲಿನ ಹೋರಿ ಬೇಕು, ಭಾರಕ್ಕೆ ಎದೆ ಅಗಲ ಇರುವ ಎತ್ತು ಬೇಕು.

ಜರ್ಮನಿಯ ಸ್ಪೋರ್ಟ್ಸ್ ಕಾರುಗಳ ಇತಿಹಾಸ ಓದುವಾಗೆಲ್ಲ ನನಗೆ ಈ ಎರಡು ಆಟಗಳೇ ನೆನಪಾಗುತ್ತವೆ. ನಾವು ಪಿಕಪ್ಪು ಅನ್ನೋದು, ಶಾಲೆ ಪುಸ್ತಕ ವೇಗೋತ್ಕರ್ಷ ಅನ್ನೋದು ಮೊದಲನೆಯ ಆಟ. ಎಚ್.ಪಿ. ಅನ್ನುವ ಅಂಕಿ ಮಾತ್ರ ಹುಟ್ಟಿದ್ದು ಎರಡನೆಯದರಲ್ಲಿ, ಭಾರ ಜಗ್ಗುವ ಕುದುರೆಯ ಬೆನ್ನ ಮೇಲೆ. 1780ರ ದಶಕದಲ್ಲಿ ಜೇಮ್ಸ್ ವಾಟ್‌ಗೆ ತನ್ನ ಉಗಿ ಎಂಜಿನ್ ಮಾರಬೇಕಿತ್ತು. ಕೊಳ್ಳುವವರೋ ಗಾಣಕ್ಕೆ ಕಟ್ಟಿದಂಗ ಕುದುರೆ ಕಟ್ಟಿ ಯಂತ್ರ ತಿರುಗಿಸುತ್ತಿದ್ದವರು. 'ಎಷ್ಟು ಕುದುರೆಗೆ ಸಮ?' ಅಂತ ಅವರು ಕೇಳೋದು ಸಹಜ. ವಾಟ್ ಒಂದು ಲೆಕ್ಕ ಕಟ್ಟಿಕೊಟ್ಟ: ನಿಮಿಷಕ್ಕೆ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತಿದರೆ ಒಂದು ಕುದುರೆ. ಜರ್ಮನರು ಮೀಟರ್, ಕಿಲೊದ ಜನ. ಸೆಕೆಂಡಿಗೆ 75 ಕಿಲೊ ಭಾರವನ್ನು ಒಂದು ಮೀಟರ್ ಎತ್ತಿದರೆ ಅವರ ಒಂದು ಪಿ.ಎಸ್. ಎರಡಕ್ಕೂ ವ್ಯತ್ಯಾಸ ನೂರಕ್ಕೆ ಒಂದೂವರೆಯಷ್ಟೂ ಇಲ್ಲ.

ಈಗ ನಮ್ಮ ಎತ್ತಿಗೆ ಬರೋಣ. ಜೋಡಿ 900 ಕಿಲೊ ತೂಗಿದರೆ, ತನ್ನ ತೂಕದ ಹತ್ತನೇ ಒಂದು ಪಾಲು, ಅಂದರೆ 90 ಕಿಲೊ ಬಲದಲ್ಲಿ ಹೊತ್ತುಗಟ್ಟಲೆ ರಂಟೆ ಜಗ್ಗುತ್ತದೆ. ನಡಿಗೆ ಗಂಟೆಗೆ ಎರಡೂವರೆ ಕಿಲೋಮೀಟರ್. ಗುಣಿಸಿ ನೋಡಿದರೆ ಹೆಚ್ಚುಕಡಿಮೆ 0.85 ಪಿ.ಎಸ್. ಬರುತ್ತದೆ. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಮಾಡಿಸಿದ ಮೂರು ಗಾಲಿಯ ಮೋಟಾರು ಬಂಡಿಯ ಎಂಜಿನ್ನಿಗೆ ಇದ್ದದ್ದು 0.75! ಜಗತ್ತಿನ ಮೊದಲ ಕಾರು ಅಂತ ಹೆಸರಾದದ್ದು ನಮ್ಮ ಒಂದು ಗಳೆಗಿಂತ ಬಡಕಲು. ಆದರೂ ಅದು ಗಂಟೆಗೆ 16 ಕಿಲೋಮೀಟರ್ ಓಡಿತು, ಯಾಕಂದ್ರ ಅದರ ಹಿಂದೆ ನೆಲ ಸೀಳುವ ರಂಟೆ ಇರಲಿಲ್ಲ.

ಇನ್ನೂ ಮಜಾ ಇರೋದು 1948ರಲ್ಲಿ. ಪೋರ್ಶೆ ಹೆಸರು ಹೊತ್ತ ಮೊದಲ ಸ್ಪೋರ್ಟ್ಸ್ ಕಾರು, 356 ನಂಬರ್ 1, ಆ ವರ್ಷ ಜೂನ್‌ನಲ್ಲಿ ನೋಂದಣಿಯಾಯಿತು. ಅದರ ಶಕ್ತಿ ಬರೀ 35 ಪಿ.ಎಸ್. ಕುಂದಗೋಳದ ಎರಿ ಹೊಲದಲ್ಲಿ ಇವತ್ತು ಕುಂಟೆ ಹೊಡೆಯುವ ಟ್ರ್ಯಾಕ್ಟರಿಗೇ 45 ಎಚ್.ಪಿ. ಇರುತ್ತದೆ. ಆ ಕಾರು 135ರ ವೇಗದಲ್ಲಿ ಹೋಗುತ್ತಿತ್ತು, ಟ್ರ್ಯಾಕ್ಟರು 30ಕ್ಕೆ ಏದುಸಿರು ಬಿಡುತ್ತದೆ. ಕಾರಿನ ತೂಕ 585 ಕಿಲೊ, ಟ್ರ್ಯಾಕ್ಟರಿನದು ಸುಮಾರು ಎರಡು ಟನ್, ಅದೊಂದು ಕಾರಣ. ಗೇರು ದೊಡ್ಡ ಕಾರಣ. ಶಕ್ತಿ ಅಂದರೆ ಬಲ ಗುಣಿಸು ವೇಗ. ಒಂದನ್ನು ಹೆಚ್ಚು ತಗೊಂಡರೆ ಇನ್ನೊಂದನ್ನು ಬಿಟ್ಟುಕೊಡಬೇಕು. ಟ್ರ್ಯಾಕ್ಟರು ವೇಗ ಬಿಟ್ಟು ಬಲ ತಗೊಂಡಿತು, ಪೋರ್ಶೆ ಬಲ ಬಿಟ್ಟು ವೇಗ ತಗೊಂಡಿತು.

ಇವೆರಡೂ ಬೇರೆ ಬೇರೆ ಕುಲ ಅಂತ ತಿಳಿಯಬೇಡಿ. ಫರ್ಡಿನಾಂಡ್ ಪೋರ್ಶೆ 1930ರ ದಶಕದಲ್ಲೇ ಸಣ್ಣ ರೈತರಿಗಾಗಿ ಟ್ರ್ಯಾಕ್ಟರಿನ ನಕ್ಷೆ ಹಾಕಿದ್ದ. 1956ರಿಂದ 1963ರವರೆಗೆ ಜರ್ಮನಿಯಲ್ಲಿ ಪೋರ್ಶೆ ಹೆಸರಿನ ಕೆಂಪು ಡೀಸೆಲ್ ಟ್ರ್ಯಾಕ್ಟರುಗಳು ತಯಾರಾದವು. ಸಣ್ಣದಕ್ಕೆ ಒಂದೇ ಸಿಲಿಂಡರು, 14 ಪಿ.ಎಸ್. ಅದೇ ಕಾಲಕ್ಕೆ, 1959ರಲ್ಲಿ, ಇನ್ನೊಂದು ಜರ್ಮನ್ ಟ್ರ್ಯಾಕ್ಟರು ಐಷರ್ ನಮ್ಮ ದೇಶದ ಫರೀದಾಬಾದಿನಲ್ಲಿ ತಯಾರಾಗತೊಡಗಿತು. ಕರ್ನಾಟಕದ ನಂಟು ಇನ್ನೂ ಹತ್ತಿರದ್ದು. ಡೀಸೆಲ್ಲನ್ನು ಅಳೆದು, ಒತ್ತಿ, ಸರಿಯಾದ ಗಳಿಗೆಗೆ ಸಿಲಿಂಡರಿಗೆ ಚಿಮ್ಮಿಸುವ ಪಂಪನ್ನು ಬಾಷ್ ಕಂಪನಿ 1927ರಿಂದ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಅದರ ಕೂಸಾಗಿ ಮೈಕೋ ಹುಟ್ಟಿತು. 'ಮೈಕೋ ಪಂಪು' ಅನ್ನೋದು ನಮ್ಮ ಡ್ರೈವರುಗಳ ಬಾಯಲ್ಲಿ ಕನ್ನಡದ್ದೇ ಮಾತಾಗಿಹೋಗಿದೆ. ಮೂರು ವರ್ಷದ ನಂತರ, 1954ರಲ್ಲಿ, ಅದೇ ಬಾಷ್ ಪಂಪಿನ ವಿದ್ಯೆಯನ್ನು ಪೆಟ್ರೋಲಿಗೆ ಹೊಂದಿಸಿ ಮರ್ಸಿಡಿಸ್ 300 ಎಸ್.ಎಲ್. ಕಾರು ಬಂತು, 215 ಪಿ.ಎಸ್. ಆ ಕಾಲದ ಅತಿ ವೇಗದ ಕಾರುಗಳಲ್ಲಿ ಅದೊಂದು. ಶೇಂಗಾ ಹೊಲದ ಟ್ರ್ಯಾಕ್ಟರೂ ಆ ಬೆಳ್ಳಿ ಬಣ್ಣದ ಕಾರೂ ದಾಯಾದಿಗಳು ಅಂದರೆ ಅತಿಶಯೋಕ್ತಿ ಅಲ್ಲ.

ಆಮೇಲೆ ಅಂಕಿಗಳು ಜಿಗಿದವು. 1964ರ ಪೋರ್ಶೆ 911ಕ್ಕೆ 130 ಪಿ.ಎಸ್., ಹತ್ತು ವರ್ಷದ ಮೇಲೆ ಟರ್ಬೊಗೆ 260, 2020ರ ಟರ್ಬೊ ಎಸ್‌ಗೆ 650. ನಿಂತ ಜಾಗದಿಂದ 100 ಕಿಲೋಮೀಟರ್ ವೇಗ ಮುಟ್ಟಲು ಈ ಕೊನೆಯದಕ್ಕೆ 2.7 ಸೆಕೆಂಡು ಸಾಕು. ಇದು ಎಂಥಾ ವೇಗ? ಬಾವಿಯ ದಂಡೆಯಿಂದ ಕಲ್ಲು ಬಿಡ್ರಿ. ಅದು 100ರ ವೇಗ ಮುಟ್ಟಬೇಕಾದರೆ 2.8 ಸೆಕೆಂಡು ಬೀಳಬೇಕು, ಬಾವಿ 130 ಅಡಿ ಆಳ ಇರಬೇಕು. ಕಲ್ಲು ಕೆಳಗೆ ಬೀಳೋದಕ್ಕಿಂತ ಜೋರಾಗಿ ಈ ಕಾರು ಮುಂದಕ್ಕೆ ಬೀಳುತ್ತದೆ! ಅಷ್ಟು ಹೊತ್ತಿಗೆ ಕಾರಿನ ಮೈಯಲ್ಲಿ ತುಂಬಿಕೊಂಡ ಚಲನಶಕ್ತಿಯನ್ನು ಒಂದು ಜೋಡಿ ಎತ್ತು ದುಡಿದು ಕೊಡಬೇಕಾದರೆ ಕಾಲು ಗಂಟೆಗೂ ಹೆಚ್ಚು ಬೇಕು. ನಾನು ಎರಡು ಸಲ ಲೆಕ್ಕ ಮಾಡಿದೆ, ನಂಬಿಕೆ ಬರಲಿಲ್ಲ ಅಂತ.

ಅಲ್ಲಿ ಇನ್ನೊಂದು ಗುಟ್ಟಿದೆ. ಆ 2.7 ಸೆಕೆಂಡಿನಲ್ಲಿ ಸರಾಸರಿ ಕಾರಿನ ವೇಗಕ್ಕೆ ಸಲ್ಲುವುದು 650ರ ಅರ್ಧದಷ್ಟು ಕುದುರೆ ಮಾತ್ರ. ಮೊದಲ ಕ್ಷಣಗಳಲ್ಲಿ ಎಂಜಿನ್ ಎಷ್ಟು ಕೊಟ್ಟರೂ ಟೈರಿನ ಹಿಡಿತ ಇದ್ದಷ್ಟೇ ನೆಲಕ್ಕೆ ಮುಟ್ಟೋದು. ಅದಕ್ಕೇ ನಾಲ್ಕೂ ಗಾಲಿಗೆ ಶಕ್ತಿ ಹಂಚಿದ್ದಾರೆ. ಮಳೆ ಬಿದ್ದ ಎರಿ ಹೊಲದಾಗ ಎಂಥಾ ಟ್ರ್ಯಾಕ್ಟರೂ ಗಾಲಿ ತಿರುವುತ್ತ ನಿಂತಿದ್ದನ್ನು ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಂಗಿದ್ದರೂ ಟ್ರ್ಯಾಕ್ಟರ್ ಕೊಳ್ಳುವಾಗ ನಮ್ಮ ಹುಡುಗರ ಮೊದಲ ಪ್ರಶ್ನೆ 'ಎಷ್ಟು ಎಚ್.ಪಿ. ಐತ್ರಿ?' ಪಕ್ಕದ ಮನೆಯವರದು 45 ಇದ್ದರೆ ಇವರಿಗೆ 50 ಬೇಕು. ಐದಾರು ಎಕರೆ ಒಣಬೇಸಾಯಕ್ಕೆ ಐವತ್ತು ಕುದುರೆ ಕಟ್ಟಿ, ಕಂತು ಕಟ್ಟಲಾರದೆ ಹೊಲ ಲಾವಣಿ ಕೊಟ್ಟವರನ್ನು ನಾನು ಕಂಡಿದ್ದೇನೆ. ಕುದುರೆ ಹೆಚ್ಚಾದವು, ಹೊಲ ಇದ್ದಷ್ಟೇ ಇತ್ತು. ಕೊಟ್ಟಿಗೆಯೊಳಗಿನ ಜೋಡಿ ಅಷ್ಟರಾಗಲೇ ಸಂತೆಗೆ ಹೋಗಿತ್ತು.

ಈಗ ಜಾತ್ರೆಗಳಲ್ಲಿ ಹೊಸದೊಂದು ಸ್ಪರ್ಧೆ ಶುರುವಾಗಿದೆ: ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ರಿವರ್ಸ್ ಓಡಿಸೋದು. ಟ್ರೇಲರು ಎತ್ತ ಹೊರಳುತ್ತದೋ ನೋಡಿಕೊಂಡು, ಕತ್ತು ಹಿಂದಕ್ಕೆ ತಿರುವಿ, ಸ್ಟೇರಿಂಗನ್ನು ಒಂದೊಂದೇ ಗೇಣು ಆಡಿಸುತ್ತಾರೆ. ಅಲ್ಲಿ ಗೆದ್ದವನನ್ನು ಯಾರೂ ಎಚ್.ಪಿ. ಕೇಳೋದಿಲ್ಲ, ಯಾವೂರು ಅಂತ ಕೇಳತಾರ.