ಕರಿಜಾಲಿಯ ಮುಳ್ಳು ಮತ್ತು ವಿಜ್ಞಾನ ಪಾಠ: ಹೋಶಂಗಾಬಾದ್ ಪ್ರಯೋಗದ ಜಾನಪದೀಯ ಅವಲೋಕನ

ಜಾನಪದ ಅಧ್ಯಯನಕ್ಕೂ ಶಾಲೆಯ ವಿಜ್ಞಾನ ಪಾಠಕ್ಕೂ ಮೇಲ್ನೋಟಕ್ಕೆ ಸಂಬಂಧ ಕಾಣುವುದಿಲ್ಲ. ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಹರಿದುಬಂದ ತಿಳಿವಳಿಕೆ ಒಂದರ ವಿಷಯ. ಪಠ್ಯಪುಸ್ತಕ, ಪ್ರಯೋಗಶಾಲೆ, ಪರೀಕ್ಷೆಗಳು ಇನ್ನೊಂದರ ಆವರಣ. ಆದರೆ ಹಳ್ಳಿಯ ಮಗು ಈ ಎರಡು ಲೋಕಗಳಲ್ಲಿಯೂ ಏಕಕಾಲಕ್ಕೆ ಬದುಕುತ್ತದೆ. ಬೆಳಿಗ್ಗೆ ಹೊಲದಲ್ಲಿ ಮಣ್ಣಿನ ಹದವನ್ನು ಕೈಯಿಂದಲೇ ಗುರುತಿಸುವ ಮಗು, ಮಧ್ಯಾಹ್ನ ಶಾಲೆಯಲ್ಲಿ ಮಣ್ಣಿನ ವಿಧಗಳನ್ನು ಬಾಯಿಪಾಠ ಮಾಡುತ್ತದೆ. ಈ ಎರಡು ತಿಳಿವಳಿಕೆಗಳ ನಡುವಿನ ಗೋಡೆಯನ್ನು ಸರಕಾರಿ ಶಾಲೆಗಳ ಒಳಗೇ ಒಡೆಯಲು ಯತ್ನಿಸಿದ ದೊಡ್ಡ ಪ್ರಯೋಗವೊಂದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಿಂದ 2002ರವರೆಗೆ ನಡೆಯಿತು. ಅದರ ಇತಿಹಾಸವನ್ನು ಪರಿಶೀಲಿಸಿ, ಕನ್ನಡ ನಾಡಿನ ಜಾನಪದ ಸಂಗ್ರಹಕಾರ್ಯಕ್ಕೆ ಅದು ಒಡ್ಡುವ ಪ್ರಶ್ನೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಿತ್ಯದ ವಸ್ತುವಿನಿಂದ ವಿಜ್ಞಾನವನ್ನು ತಿಳಿಸುವ ಕ್ರಮ ಹೊಸದೇನಲ್ಲ. ಮೈಕೇಲ್ ಫ್ಯಾರಡೆಯು 1860-61ರ ಚಳಿಗಾಲದಲ್ಲಿ ಲಂಡನ್ನಿನ ಮಕ್ಕಳಿಗೆ ನೀಡಿದ ಉಪನ್ಯಾಸಮಾಲೆಯ ವಸ್ತು ಒಂದು ಮೇಣದಬತ್ತಿ ಮಾತ್ರವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ನಲುಗಿದ ದೇಶಗಳ ಶಿಕ್ಷಕರಿಗಾಗಿ ಸಿದ್ಧವಾದ ಕಿರುಹೊತ್ತಗೆಯು ಬೆಳೆದು, 1956ರಲ್ಲಿ ಯುನೆಸ್ಕೋದ ವಿಜ್ಞಾನ ಬೋಧನೆಯ ಆಕರಗ್ರಂಥವಾಯಿತು. ಭಾರತದಲ್ಲಿ 1937ರ ವಾರ್ಧಾ ಸಮ್ಮೇಳನದಿಂದ ರೂಪುಗೊಂಡ ಗಾಂಧೀಜಿಯವರ ನಯೀ ತಾಲೀಮ್ ಕೈಕಸುಬನ್ನೇ ಕಲಿಕೆಯ ಕೇಂದ್ರದಲ್ಲಿರಿಸಿತು. ಹೋಶಂಗಾಬಾದ್ ಪ್ರಯೋಗಕ್ಕೆ ಇಂತಹ ಪೂರ್ವಸೂರಿಗಳಿದ್ದರು. ಆದರೆ ಅದು ಪ್ರತ್ಯೇಕ ಮಾದರಿ ಶಾಲೆಯೊಂದನ್ನು ಕಟ್ಟಲಿಲ್ಲ. ಸರಕಾರದ ಶಾಲೆ, ಸರಕಾರದ ಶಿಕ್ಷಕ, ಸರಕಾರದ ಪರೀಕ್ಷೆ ಇವುಗಳ ಚೌಕಟ್ಟಿನಲ್ಲಿಯೇ ಬದಲಾವಣೆಯನ್ನು ಬಯಸಿತು. ಅದರ ಮಹತ್ವವಿರುವುದು ಇಲ್ಲಿಯೇ.

ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸ್ವಯಂಸೇವಾ ಸಂಸ್ಥೆಗಳು 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಈ ಕಾರ್ಯಕ್ರಮವನ್ನು ಆರಂಭಿಸಿದವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾಗೂ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದರಲ್ಲಿ ಕೈಜೋಡಿಸಿದರು. 1978ರಲ್ಲಿ ಕಾರ್ಯಕ್ರಮವು ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ವಿಸ್ತರಿಸಿತು. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆಯು ಮುಂದಿನ ಹೊಣೆಯನ್ನು ವಹಿಸಿಕೊಂಡಿತು. ಆರರಿಂದ ಎಂಟನೆಯ ತರಗತಿಯವರೆಗಿನ 'ಬಾಲ ವೈಜ್ಞಾನಿಕ' ಪುಸ್ತಕಗಳಲ್ಲಿ ಸಿದ್ಧ ಉತ್ತರಗಳಿರಲಿಲ್ಲ. ಮಕ್ಕಳು ನಾಲ್ವರ ಗುಂಪುಗಳಲ್ಲಿ ಕುಳಿತು ಪ್ರಯೋಗ ಮಾಡಬೇಕು, ಕಂಡದ್ದನ್ನು ಬರೆಯಬೇಕು, ಇತರ ಗುಂಪುಗಳ ಫಲಿತಾಂಶದೊಡನೆ ಹೋಲಿಸಿ ಚರ್ಚಿಸಬೇಕು. ನರ್ಮದಾ ಕಣಿವೆಯ ಮಣ್ಣು, ಊರ ಗಿಡಗಳ ಎಲೆ, ನೆಟ್ಟ ಕೋಲಿನ ನೆರಳು, ಚಿಮ್ಮಿದ ನಾಣ್ಯ ಇವೆಲ್ಲವೂ ಪಾಠದ ಸಾಮಗ್ರಿಗಳಾದವು.

ಈ ಕಾರ್ಯಕ್ರಮದ ನೆನಪುಗಳಲ್ಲಿ ಮರಳಿ ಮರಳಿ ಬರುವ ಒಂದು ಪ್ರಸಂಗವುಂಟು. ಹೂವನ್ನು ಬಿಡಿಸಿ ಅದರ ಭಾಗಗಳನ್ನು ನೋಡಲು ಲೋಹದ ಸೂಜಿ ಬೇಕೆಂದು ಸಾಮಗ್ರಿ ಪಟ್ಟಿಯನ್ನು ರೂಪಿಸಿದವರು ಭಾವಿಸಿದ್ದರು. ಸೂಜಿಗಳು ಸಾಲದಾದಾಗ ಮಕ್ಕಳು ಬೇಲಿಯಿಂದ ಕರಿಜಾಲಿಯ ಮುಳ್ಳನ್ನು ಮುರಿದು ತಂದರು; ಮುಳ್ಳು ಸೂಜಿಯ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಕಾಂಚಾಣವಿಲ್ಲದ ಶಾಲೆಗೆ ಅಗ್ಗದ ಪರ್ಯಾಯ ಸಿಕ್ಕಿತೆಂದಷ್ಟೇ ಇದನ್ನು ಅರ್ಥೈಸಿದರೆ ತಪ್ಪಾದೀತು. ಯಾವ ಮುಳ್ಳು ಗಟ್ಟಿ, ಯಾವುದು ಮೊನಚು, ಯಾವುದು ಬಾಗದು ಎಂಬುದನ್ನು ಬಲ್ಲವರು ಪಟ್ಟಣದ ತಜ್ಞರಲ್ಲ, ದನ ಕಾಯುವ ಮಕ್ಕಳು. ಆ ಗಳಿಗೆಯಲ್ಲಿ ತರಗತಿಯೊಳಗೆ ಬಲ್ಲವರು ಯಾರು ಎಂಬ ಪ್ರಶ್ನೆಯ ಉತ್ತರವೇ ಬದಲಾಯಿತು. 1978ರ ಸುಮಾರಿಗೆ ಇಲ್ಲಿಗೆ ಬಂದ ಎಂಜಿನಿಯರ್ ಅರವಿಂದ ಗುಪ್ತಾ ಅವರು ಸೈಕಲ್ ವಾಲ್ವಿನ ರಬ್ಬರ್ ಕೊಳವೆ ಮತ್ತು ಬೆಂಕಿಕಡ್ಡಿಗಳಿಂದ ರೇಖಾಗಣಿತದ ಆಕೃತಿಗಳನ್ನು ಕಟ್ಟುವ ಆಟಿಕೆಯನ್ನು ರೂಪಿಸಿದ್ದು ಇದೇ ದಾರಿಯ ಮುಂದುವರಿಕೆ.

ಭಾಷೆಯ ವಿಷಯದಲ್ಲಿಯೂ ಇದೇ ನಿಲುವು ಕಾಣುತ್ತದೆ. ಮೊದಲು ಅನುಭವ, ಆಮೇಲೆ ಪರಿಭಾಷೆ ಎಂಬುದು ಪುಸ್ತಕಗಳ ಕ್ರಮವಾಗಿತ್ತು; ವಾಕ್ಯಗಳು ಆಡುಮಾತಿಗೆ ಹತ್ತಿರವಾಗಿದ್ದವು. ಮಕ್ಕಳು ತಮ್ಮ ಪ್ರಶ್ನೆಗಳನ್ನು 'ಸವಾಲೀರಾಮ' ಎಂಬ ಕಲ್ಪಿತ ವ್ಯಕ್ತಿಗೆ ಕಾಗದ ಬರೆದು ಕೇಳಬಹುದಾಗಿತ್ತು. ಒಗಟು ಹಾಕುವವನೂ ಬಿಡಿಸುವವನೂ ಆದ ಜನಪದ ಪಾತ್ರದ ಛಾಯೆ ಈ ಸವಾಲೀರಾಮನಲ್ಲಿದೆ. ಪರೀಕ್ಷೆಯಲ್ಲಿ ಪುಸ್ತಕವನ್ನು ತೆರೆದು ನೋಡಲು ಅವಕಾಶವಿತ್ತು, ಪ್ರಾಯೋಗಿಕ ಪರೀಕ್ಷೆಯೂ ಇತ್ತು. ನೆನಪಿಗಿಂತ ವಿವೇಚನೆಯನ್ನು ಅಳೆಯುವುದು ಇದರ ಗುರಿ.

ಕಾರ್ಯಕ್ರಮವು ಸುಮಾರು ಸಾವಿರ ಶಾಲೆಗಳನ್ನು ಮುಟ್ಟಿದ್ದ ಕಾಲದಲ್ಲಿ, 2002ರಲ್ಲಿ, ರಾಜ್ಯ ಸರಕಾರವು ಅದನ್ನು ನಿಲ್ಲಿಸಿತು. ಇಲ್ಲಿ ಓದಿದ ಮಕ್ಕಳು ಮುಂದೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ ಎಂಬುದು ಒಂದು ಆಕ್ಷೇಪ. ರಾಜ್ಯಕ್ಕೆಲ್ಲ ಒಂದೇ ಪಠ್ಯವಿರಬೇಕು ಎಂಬುದು ಇನ್ನೊಂದು ವಾದ. ಶಿಕ್ಷಕರೂ ವಿಜ್ಞಾನಿಗಳೂ ಇದನ್ನು ಪ್ರತಿಭಟಿಸಿದರು, ಆದರೆ ನಿರ್ಧಾರ ಬದಲಾಗಲಿಲ್ಲ. ತಂದೆತಾಯಿಗಳ ಆತಂಕವನ್ನು ಹಗುರವಾಗಿ ಕಾಣಲಾಗದು: ಬಡಮಗುವಿಗೆ ಪರೀಕ್ಷೆಯೊಂದೇ ಏಣಿ. ಆದರೂ ಸ್ಥಳೀಯತೆಯನ್ನೇ ದೋಷವೆಂದು ಎಣಿಸುವ ಏಕರೂಪದ ಮನೋಧರ್ಮವು ಈ ನಿರ್ಧಾರದ ಹಿಂದೆ ಇದ್ದುದನ್ನು ಮರೆಯುವಂತಿಲ್ಲ. ಮೂರೇ ವರ್ಷಗಳ ಬಳಿಕ ಬಂದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಶಾಲೆಯ ಹೊರಗಿನ ಬದುಕಿನೊಡನೆ ಜ್ಞಾನವನ್ನು ಬೆಸೆಯಬೇಕೆಂಬುದನ್ನು ತನ್ನ ಮಾರ್ಗದರ್ಶಿ ತತ್ತ್ವಗಳಲ್ಲಿ ಸೇರಿಸಿಕೊಂಡಿತು. ಶಾಲೆಯಿಂದ ಹೊರಹಾಕಲ್ಪಟ್ಟ ಆಶಯವು ಈ ರೀತಿ ದೇಶದ ದಸ್ತಾವೇಜಿನೊಳಗೆ ಬಂದುದು ಇತಿಹಾಸದ ವೈಚಿತ್ರ್ಯ.

ಈ ಹಿನ್ನೆಲೆಯಲ್ಲಿ ಕನ್ನಡದ ಸಂದರ್ಭವನ್ನು ನೋಡಬಹುದು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ಮುಂದಾಳ್ತನದಲ್ಲಿ ಹೊರಟ 'ವಿಜ್ಞಾನ' ಮಾಸಪತ್ರಿಕೆ, 1936ರಲ್ಲಿ ಬಂದ ಶಿವರಾಮ ಕಾರಂತರ 'ಬಾಲ ಪ್ರಪಂಚ', 1980ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇವು ಕನ್ನಡದಲ್ಲಿ ವಿಜ್ಞಾನವನ್ನು ಓದುವ ಪರಂಪರೆಯನ್ನು ಬೆಳೆಸಿದವು. ಆದರೆ ಪ್ರಯೋಗದ ಸಾಮಗ್ರಿ ಜಾನಪದದ ಸಂಗ್ರಹಗಳಲ್ಲಿಯೇ ಹೇರಳವಾಗಿದೆ. ಮದುವಣಿಗರಿಗೆ ಎತ್ತುವ ಆರತಿಯ ಕೆಂಪು ನೀರನ್ನೇ ನೋಡಬಹುದು. ಅರಿಶಿನದ ನೀರಿಗೆ ಸುಣ್ಣ ಸೇರಿದಾಗ ಹಳದಿ ಕೆಂಪಾಗುತ್ತದೆ. ಅದಕ್ಕೆ ಸಾಕಷ್ಟು ನಿಂಬೆರಸ ಹಿಂಡಿದರೆ ಮರಳಿ ಹಳದಿಯಾಗುತ್ತದೆ. ಕ್ಷಾರ ಮತ್ತು ಆಮ್ಲಗಳ ಪಾಠ ಇಷ್ಟರಲ್ಲಿಯೇ ಆರಂಭವಾಗಬಲ್ಲದು. ಮಲೆನಾಡಿನ ಮಕ್ಕಳ ಪೆಟ್ಲು ಇನ್ನೊಂದು ನಿದರ್ಶನ. ಬಿದಿರಿನ ಕೊಳವೆಯ ತುದಿಯಲ್ಲಿ ಒಂದು ಕಾಯಿ ಬಿಗಿಯಾಗಿ ಕುಳಿತಿರುತ್ತದೆ; ಎರಡನೆಯದನ್ನು ಕಡ್ಡಿಯಿಂದ ತಳ್ಳಿದಾಗ ನಡುವಿನ ಗಾಳಿ ಒತ್ತಿಕೊಂಡು ಮೊದಲಿನದು ಸದ್ದಿನೊಡನೆ ಸಿಡಿಯುತ್ತದೆ. ಗಾಳಿಯ ಒತ್ತಡವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ಉಪಕರಣವನ್ನು ಹಣ ಕೊಟ್ಟು ತರಬೇಕಾಗಿಲ್ಲ.

ಇಲ್ಲಿ ಎರಡು ಎಚ್ಚರಗಳು ಅವಶ್ಯಕ. ಆರತಿಯ ನೀರನ್ನು ತೋರಿಸಿ, ಪೂರ್ವಿಕರಿಗೆ ಆಧುನಿಕ ರಸಾಯನಶಾಸ್ತ್ರವೆಲ್ಲ ತಿಳಿದಿತ್ತೆಂದು ಸಾರುವುದು ವಿಜ್ಞಾನಕ್ಕೂ ಜಾನಪದಕ್ಕೂ ಮಾಡುವ ಅನ್ಯಾಯ. ದೃಷ್ಟಿ ನಿವಾರಣೆಯ ನಂಬಿಕೆ ಬೇರೆ, ಬಣ್ಣ ಬದಲಾಗುವ ಕಾರಣ ಬೇರೆ. ಎರಡನ್ನೂ ಅವುಗಳ ನೆಲೆಯಲ್ಲಿಯೇ ಅರಿಯಬೇಕು. ಅಂತೆಯೇ, ವಸ್ತುವನ್ನು ಮಾತ್ರ ಶಾಲೆಗೆ ತಂದು ಅದನ್ನು ಬಳಸಿದವರ ತಿಳಿವಳಿಕೆಯನ್ನು ಹೊರಗೇ ನಿಲ್ಲಿಸಿದರೆ ಕರಿಜಾಲಿಯ ಮುಳ್ಳು ಅಗ್ಗದ ಸೂಜಿಯಾಗಿಯೇ ಉಳಿಯುತ್ತದೆ. ಜಾನಪದ ಸಂಗ್ರಹಕಾರರು ಆಟಿಕೆಯ ಹೆಸರು, ಆಡುವ ಕಾಲಗಳ ಜೊತೆಗೆ ಅದನ್ನು ಮಾಡುವ ಬಗೆ, ಅದು ಕೆಲಸ ಮಾಡುವ ಬಗೆಯ ಬಗ್ಗೆ ಮಕ್ಕಳೇ ನೀಡುವ ವಿವರಣೆಗಳನ್ನೂ ದಾಖಲಿಸಬೇಕಾಗಿದೆ. ಪೆಟ್ಲು ಕೈಬಿಟ್ಟ ತಲೆಮಾರಿಗೆ ಅದನ್ನು ವಿವರಿಸಲು ಮುಂದೆ ಈ ದಾಖಲೆಗಳೇ ಆಧಾರ. ಹೋಶಂಗಾಬಾದಿನ ಮೂವತ್ತು ವರ್ಷಗಳು ತೋರಿಸಿಕೊಟ್ಟಂತೆ, ನಿತ್ಯಜೀವನದ ನಿದರ್ಶನ ಪಾಠಕ್ಕೆ ಹಚ್ಚುವ ಬಣ್ಣವಲ್ಲ. ತನಗೂ ಏನೋ ತಿಳಿದಿದೆ ಎಂಬ ಭರವಸೆಯನ್ನು ಹಳ್ಳಿಯ ಮಗುವಿಗೆ ಶಾಲೆಯೊಳಗೆ ನೀಡುವ ಮೊದಲ ಮನ್ನಣೆ ಅದು.