ಸಮಾಧಿ ಸಿಗದ ಸಂತ ಜೋಸೆಫ್ ವಾಜ್

ಕ್ಯಾಥೋಲಿಕ್ ಸಂಪ್ರದಾಯದಲ್ಲಿ ಸಂತರ ದೇಹದ ಅವಶೇಷಗಳನ್ನೂ ಅವರು ಬಳಸಿದ ವಸ್ತುಗಳನ್ನೂ ಪವಿತ್ರವೆಂದು ಗೌರವಿಸಲಾಗುತ್ತದೆ. ಮಠಗಳ ಗದ್ದುಗೆಗೆ, ದರ್ಗಾಗಳ ಗೋರಿಗೆ ನಮಿಸುವ ಕನ್ನಡಿಗರಿಗೆ ಈ ಭಾವನೆ ಅಪರಿಚಿತವೇನಲ್ಲ. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಸಲ್ಲುವುದು ಗೌರವ ಎಂಬುದು ಧರ್ಮಸಭೆಯ ಬೋಧನೆ. ಪವಿತ್ರ ಅವಶೇಷಗಳ ಮಾರಾಟವನ್ನು ಅದರ 1983ರ ಕಾನೂನು ಸಂಹಿತೆ ಸಂಪೂರ್ಣವಾಗಿ ನಿಷೇಧಿಸಿದೆ.

ಹಳೆಯ ಗೋವಾದ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪಾರ್ಥಿವ ಶರೀರವಿದೆ. ಅದರ ಸಾರ್ವಜನಿಕ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು.

ಆದರೆ ಕನ್ನಡ ಕರಾವಳಿಯಲ್ಲಿ ಸೇವೆ ಸಲ್ಲಿಸಿದ ಸಂತ ಜೋಸೆಫ್ ವಾಜ್ ಅವರ ವಿಷಯವೇ ಬೇರೆ. 1651ರಲ್ಲಿ ಗೋವಾದ ಬಾಣಾವಲಿಯಲ್ಲಿ ಜನಿಸಿದ ಅವರು 1681ರಿಂದ 1684ರವರೆಗೆ ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಸಂಚರಿಸಿ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. 1687ರಲ್ಲಿ, ಡಚ್ಚರು ಕ್ಯಾಥೋಲಿಕ್ ಧರ್ಮವನ್ನು ನಿಷೇಧಿಸಿದ್ದ ಶ್ರೀಲಂಕಾಕ್ಕೆ ಮಾರುವೇಷದಲ್ಲಿ ತೆರಳಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ನಿಧನರಾದರು. ಅವರನ್ನು ಸಮಾಧಿ ಮಾಡಿದ ನಿಖರ ಸ್ಥಳ ಇಂದಿಗೂ ಪತ್ತೆಯಾಗಿಲ್ಲ.

2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ವಾಜ್ ಅವರನ್ನು ಸಂತರೆಂದು ಘೋಷಿಸಿದರು. ದೇಹವಿಲ್ಲದಿದ್ದರೂ ಭಕ್ತಿಗೆ ನೆಲೆ ತಪ್ಪಲಿಲ್ಲ. ದಕ್ಷಿಣ ಕನ್ನಡದ ಮುಡಿಪು ಗುಡ್ಡದಲ್ಲಿ ಅವರು ಪ್ರಾರ್ಥಿಸಿದಾಗ ನೀರಿನ ಚಿಲುಮೆ ಉಕ್ಕಿತೆಂಬುದು ಐತಿಹ್ಯ. ಅಲ್ಲಿನ ಪುಣ್ಯಕ್ಷೇತ್ರಕ್ಕೆ ಭಕ್ತರು ಬರುತ್ತಾರೆ. ಅಸ್ಥಿ ಉಳಿಯದ ಸಂತರಿಗೆ ಅವರು ನಡೆದಾಡಿದ ನೆಲವೇ ಸ್ಮಾರಕವಾಗಿದೆ.