ಹರದೇಶಿ–ನಾಗೇಶಿ

ಉತ್ತರ ಕರ್ನಾಟಕದ ಲಾವಣಿ ಹಾಗೂ ಗೀಗೀ ಮೇಳಗಳ ಎರಡು ಎದುರಾಳಿ ಪಂಥಗಳು. ಹರದೇಶಿಯವರು ಶಿವನನ್ನೂ ಗಂಡನ್ನೂ ಎತ್ತಿ ಹಾಡಿದರೆ, ನಾಗೇಶಿಯವರು ಶಕ್ತಿಯನ್ನೂ ಹೆಣ್ಣನ್ನೂ ಎತ್ತಿ ಹಾಡುತ್ತಾರೆ. ಸಾಮಾನ್ಯವಾಗಿ ತುರಾಯಿ ಹರದೇಶಿಯ ಗುರುತು, ಕಲ್ಗಿ ನಾಗೇಶಿಯದು. ಆಳಂದ, ಅಫಜಲಪುರ, ಜೇವರ್ಗಿಗಳನ್ನೊಳಗೊಂಡ ಕಲಬುರಗಿ ಸೀಮೆಯೂ ನೆರೆಯ ವಿಜಯಪುರವೂ ಈ ಹಾಡಿಕೆಯ ನೆಲೆಗಳು.

ಮೂಲ: ಚಂದೇರಿಯ ಅರಸನು ತುಕನಗೀರ್ ಎಂಬ ಗೋಸಾವಿಗೆ ತುರಾಯಿಯನ್ನೂ ಶಹಾ ಅಲಿ ಎಂಬ ಫಕೀರನಿಗೆ ಕಲ್ಗಿಯನ್ನೂ ತನ್ನ ಕಿರೀಟದಿಂದಲೇ ತೆಗೆದುಕೊಟ್ಟನೆಂಬುದು ಐತಿಹ್ಯ. ಇದನ್ನು ಚರಿತ್ರೆಯೆಂದು ಒಪ್ಪಲಾಗದು. ಮರಾಠಿ ಶಾಹಿರರಲ್ಲಿಯೂ ಇದೇ ಪಂಥಭೇದವಿದೆ. ಆಳಂದ, ಅಫಜಲಪುರಗಳ ಗಡಿ ಮಹಾರಾಷ್ಟ್ರಕ್ಕೆ ತಾಗಿದೆ. ಪಂಥಗಳು ಆ ದಾರಿಯಿಂದಲೇ ಇತ್ತ ಬಂದಿರುವುದು ಸಂಭವನೀಯ.

ವಾದ ಮತ್ತು ಹೆಸರು: ಜಾತ್ರೆಯಲ್ಲಿ ಎರಡೂ ಮೇಳಗಳು ಎದುರುಬದುರು ನಿಂತು, ದಪ್ಪು, ತುಂತುಣಿ, ತಾಳಗಳೊಡನೆ ಬೆಳತನಕ ಸವಾಲ್–ಜವಾಬ್ ನಡೆಸುತ್ತವೆ. ಪುರಾಣದ ಒಗಟೊಂದನ್ನು ಒಂದು ಮೇಳ ಒಡ್ಡಿದರೆ ಇನ್ನೊಂದು ಮೇಳ ಪದದಲ್ಲಿಯೇ ಬಿಡಿಸಬೇಕು. ಕಂಠ ಎಷ್ಟೇ ಚೆನ್ನಾಗಿರಲಿ, ಉತ್ತರ ಹೊಳೆಯದವನಿಗೆ ಮರ್ಯಾದೆಯಿಲ್ಲ. ಲಾವಣಿಯ ಬಂಧವೂ ಇದಕ್ಕೆ ಹೊಂದುವಂಥದು: ಪಲ್ಲ, ನುಡಿ, ಚಾಲ, ಏರು, ಇಳುವು, ಕೂಡುಪಲ್ಲ. ಚಾಲದಲ್ಲಿ ಧಾಟಿ ಬದಲಾಗುತ್ತದೆ, ಏರಿನಲ್ಲಿ ದನಿ ಮೇಲೇರುತ್ತದೆ, ಇಳುವಿನಲ್ಲಿ ಕೆಳಗಿಳಿದು ಕೂಡುಪಲ್ಲದಿಂದ ಮೊದಲಿನ ಪಲ್ಲಕ್ಕೆ ಬಂದು ಸೇರುತ್ತದೆ. ಕೊನೆಯ ನುಡಿಯಲ್ಲಿ ಕವಿ ತನ್ನ ಊರು, ಗುರು, ಜೊತೆಯ ಹಾಡುಗಾರರನ್ನು ಹೆಸರಿಸುತ್ತಾನೆ. ಎದುರಾಳಿಯನ್ನು ಹಂಗಿಸುವುದೂ ಅಲ್ಲಿಯೇ. ಹೀಗಾಗಿ ಕೀರ್ತಿ ಊರಿನೊಡನೆ ಅಂಟಿಕೊಂಡಿತು. ಭೀಮೆಯ ಆಚೆ ದಡದ ಸೀಮೆಯ ಲಾವಣಿಕಾರ ಖಾಜಾಭಾಯಿ ಇಂದಿಗೂ ಹಲಸಂಗಿ ಖಾಜಾಭಾಯಿಯೇ. ಹಾಡಿದವನಿಗಿಂತ ಕಟ್ಟಿದವನ ಹೆಸರು ಉಳಿದದ್ದೂ ಈ ಕಾರಣದಿಂದಲೇ ಇರಬೇಕು. ಬೈಗುಳ ಕಟುವಾಗಿದ್ದರೂ ಅದನ್ನು ವೈಯಕ್ತಿಕ ಹಗೆಯೆಂದು ಓದುವುದು ತಪ್ಪಾದೀತು. ಎದುರು ಮೇಳವಿಲ್ಲದೆ ಕವಿಯ ಪದಕ್ಕೆ ಸಂದರ್ಭವೇ ಇಲ್ಲ.



ತತ್ವಪದಕಾರರು: ಇದೇ ಸೀಮೆಯಲ್ಲಿ ಕೀರ್ತಿಗೆ ಬೇರೊಂದು ದಾರಿಯೂ ಇತ್ತು. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪ (18–19ನೆಯ ಶತಮಾನ) ಪದಗಳಲ್ಲಿ ಗುರು ಮಹಾಂತನ ಅಂಕಿತವಿಟ್ಟ. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದವರು ಅವನ ಶಿಷ್ಯಪರಂಪರೆಯವರು. ಇಲ್ಲಿ ಹೆಸರನ್ನು ಬೆಳೆಸಿದ್ದು ಎದುರಾಳಿಯಲ್ಲ, ಶಿಷ್ಯ.

ಸಂಗ್ರಹ: ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರನ್ನೊಳಗೊಂಡ ಹಲಸಂಗಿ ಗೆಳೆಯರು 20ನೆಯ ಶತಮಾನದ ಮೊದಲರ್ಧದಲ್ಲಿ ಲಾವಣಿಗಳನ್ನು ‘ಜೀವನ ಸಂಗೀತ’ವೆಂದು ಅಚ್ಚಿಗೆ ತಂದರು. ಮುಂದೆ ಸಂಗ್ರಹಿಸುವವರು ಬೈಗುಳಕ್ಕೆ ಅಳುಕಿ ಕೊನೆಯ ನುಡಿಯನ್ನು ಕೈಬಿಡಬಾರದು; ಕವಿಯ ಊರು, ಗುರು, ಪಂಥಗಳಿಗೆ ಅದೇ ಮುಖ್ಯ ಆಧಾರ.